ಅಕ್ಷರ ನಮಗೆ, ಚಿತ್ರ ಅವರಿಗೆ

ಪುಟ್ಟ ಮಕ್ಕಳಿಗೆ ಪುಸ್ತಕ ಕೊಳ್ಳಲು ಬಂದ ದೊಡ್ಡವರನ್ನು ಸ್ವಲ್ಪ ಗಮನಿಸಿ ನೋಡಿ. ಪುಸ್ತಕ ಕೈಗೆ ಬಂದ ತಕ್ಷಣ ಹಿಂಬದಿ ತಿರುಗಿಸುತ್ತಾರೆ. ಎಷ್ಟು ವಯಸ್ಸಿನವರಿಗೆ, ಏನು ಕಲಿಸುತ್ತದೆ, ನೀತಿ ಏನು ಅಂತ ಓದುತ್ತಾರೆ. ಆಮೇಲೆ ಒಳಗೆ ಒಂದೆರಡು ಪುಟ ತಿರುವಿ, "ಅಯ್ಯೋ, ಪುಟಕ್ಕೆ ಎರಡೇ ಸಾಲು, ಐದು ನಿಮಿಷಕ್ಕೆ ಮುಗಿದುಹೋಗುತ್ತೆ" ಅಂತ ವಾಪಸ್ ಇಟ್ಟುಬಿಡುತ್ತಾರೆ. ಚಿತ್ರವನ್ನು ನಿಂತು ನೋಡುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಆ ಪುಸ್ತಕ ಯಾರಿಗಾಗಿ ಇದೆಯೋ ಆ ಮಗು ನೋಡುವುದೇ ಚಿತ್ರವನ್ನು, ಅಲ್ವಾ?

ಕೆನಡಾದ ಇಬ್ಬರು ಸಂಶೋಧಕರು ಇದನ್ನು ಅಳೆದೇ ನೋಡಿದ್ದಾರೆ. ದೊಡ್ಡವರು ಕಥೆ ಓದಿ ಹೇಳುವಾಗ ನಾಲ್ಕೈದು ವರ್ಷದ ಮಕ್ಕಳ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಯಂತ್ರ ಇಟ್ಟು ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೊತ್ತು ಚಿತ್ರದ ಮೇಲೇ ಇತ್ತು. ಅಕ್ಷರದ ಕಡೆ ಹೋಗಿದ್ದು ತೀರಾ ಅಪರೂಪ. ಅಂದರೆ ಒಂದೇ ಪುಟವನ್ನು ಇಬ್ಬರೂ ಓದುತ್ತಿರುತ್ತೇವೆ, ಆದರೆ ನಾವು ಓದುವುದು ಒಂದು, ಮಗು ಓದುವುದು ಇನ್ನೊಂದು.

ಒಳ್ಳೆಯ ಚಿತ್ರಪುಸ್ತಕ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಪುಟ ಹೀಗಿದೆ ಅಂದುಕೊಳ್ಳಿ. ಕೆಳಗೆ ಇರುವುದು ಇಷ್ಟೇ: "ಅಜ್ಜ ಕನ್ನಡಕ ಹುಡುಕಿದರು. ಎಲ್ಲೂ ಇಲ್ಲ." ಚಿತ್ರದಲ್ಲಿ ಅಜ್ಜ ಬಗ್ಗಿ ಮಂಚದ ಕೆಳಗೆ ನೋಡುತ್ತಿದ್ದಾರೆ. ಅವರ ಬೆನ್ನ ಹಿಂದೆ ಕಿಟಕಿಯಲ್ಲಿ ಬೆಕ್ಕು ಕೂತಿದೆ, ಅದರ ಮುಂಗಾಲಿನ ಕೆಳಗಿನಿಂದ ಕನ್ನಡಕದ ಒಂದು ಕಡ್ಡಿ ಇಣುಕುತ್ತಿದೆ. ಕಥೆ ಹೇಳುತ್ತಿರುವ ದೊಡ್ಡವರಿಗೆ ಅದು ಕಾಣುವುದೇ ಇಲ್ಲ, ಕಣ್ಣು ಸಾಲಿನ ಮೇಲಿರುತ್ತದಲ್ಲ. ಮಗು ಕಿರುಚುತ್ತದೆ, "ಅಲ್ಲಿದೆ! ಬೆಕ್ಕಿನ ಹತ್ರ!" ಅಜ್ಜನಿಗೆ ಗೊತ್ತಿಲ್ಲ, ಓದುವವರಿಗೂ ಗೊತ್ತಿಲ್ಲ, ತನಗೆ ಮಾತ್ರ ಗೊತ್ತು. ಅಕ್ಷರ ಬಾರದ ಮೂರು ವರ್ಷದ ಮಗು ಅಲ್ಲಿ ನಮಗಿಂತ ಚೆನ್ನಾಗಿ ಓದಿದೆ.

ಈಗ ಇದರ ಪಕ್ಕ, "ಕೆಂಪು ಅಂಗಿ ಹಾಕಿದ ಹುಡುಗ ದೊಡ್ಡ ಮರ ಹತ್ತಿದ" ಅಂತ ಬರೆದು, ಮೇಲೆ ಕೆಂಪು ಅಂಗಿಯ ಹುಡುಗ ದೊಡ್ಡ ಮರ ಹತ್ತುತ್ತಿರುವ ಚಿತ್ರ ಹಾಕಿದ ಪುಸ್ತಕ ಇಟ್ಟು ನೋಡಿ. ಎರಡೂ ಹೇಳುವುದು ಒಂದನ್ನೇ. ಹುಡುಕಲು ಏನೂ ಉಳಿದಿಲ್ಲ, ಕೇಳಲು ಏನೂ ಇಲ್ಲ. ಇಂಥವು ರಾಶಿ ರಾಶಿ ಬರುತ್ತವೆ, ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವಷ್ಟು.

ಅದಕ್ಕೇ ಪುಸ್ತಕ ಆರಿಸುವಾಗ ನಾನು ಅಕ್ಷರವನ್ನು ಅಂಗೈಯಿಂದ ಮುಚ್ಚಿಕೊಂಡು ಪುಟ ತಿರುಗಿಸುತ್ತೇನೆ. ಬರೀ ಚಿತ್ರದಲ್ಲೇ ಏನೋ ನಡೆಯುತ್ತಿದೆ ಅನ್ನಿಸಬೇಕು. ಮುಖ ನೋಡಿದರೆ ಸಿಟ್ಟೋ ಹೆದರಿಕೆಯೋ ಗೊತ್ತಾಗಬೇಕು. ಮುಂದಿನ ಪುಟ ತಿರುಗಿಸಬೇಕು ಅಂತ ಕೈ ತಾನಾಗಿ ಹೋಗಬೇಕು. ಈ ಕೊನೆಯದು ಸಣ್ಣ ಮಾತಲ್ಲ. ಹೆಚ್ಚಿನ ಚಿತ್ರಪುಸ್ತಕಗಳಿಗೆ 32 ಪುಟ ಇರುತ್ತದೆ, ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ ಪುಟಗಳು 8, 16, 32ರ ಲೆಕ್ಕದಲ್ಲಿ ಸಿಗುತ್ತವೆ ಎನ್ನುವುದು ಅದಕ್ಕೆ ಕಾರಣ. ಅಷ್ಟರೊಳಗೆ ಯಾವುದನ್ನು ಈ ಪುಟದಲ್ಲಿ ಹೇಳಬೇಕು, ಯಾವುದನ್ನು ತಿರುಗಿಸಿದ ಮೇಲೆ ತೋರಿಸಬೇಕು ಎನ್ನುವುದರಲ್ಲೇ ಚಿತ್ರ ಬರೆಯುವವರ ಜಾಣತನ ಇರುವುದು. ಚಿತ್ರ ಒಪ್ಪಿಗೆಯಾದ ಮೇಲೆ ಅಂಗೈ ತೆಗೆದು ಒಂದೆರಡು ಪುಟ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಬೇಡ, ಅದನ್ನು ದಿನಾ ರಾತ್ರಿ ಓದಬೇಕಾದವರು ನೀವೇ.

ದಿನಾ ರಾತ್ರಿ ಅಂದದ್ದು ಉತ್ಪ್ರೇಕ್ಷೆ ಅಲ್ಲ. ಮಕ್ಕಳು ಅದೇ ಪುಸ್ತಕ, ಅದೇ ಪುಸ್ತಕ ಅಂತ ಹಟ ಮಾಡುತ್ತಾರೆ, ನಾವು "ಹೊಸದು ಓದೋಣ ಕಣೋ" ಅಂತ ಪುಸಲಾಯಿಸುತ್ತೇವೆ. ಬೇಡ, ಮಗು ಕೇಳಿದ್ದನ್ನೇ ಓದಿ. ಇಂಗ್ಲೆಂಡಿನಲ್ಲಿ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಒಂದೇ ಲೆಕ್ಕದಲ್ಲಿ. ಆದರೂ ಒಂದೇ ಕಥೆ ಕೇಳಿದವರು ಆ ಪದಗಳನ್ನು ಹೆಚ್ಚು ಚೆನ್ನಾಗಿ ಕಲಿತಿದ್ದರು. ಕಥೆ ಗೊತ್ತಿದ್ದರೆ ತಾನೇ ಉಳಿದದ್ದರ ಕಡೆ ಗಮನ ಹೋಗುವುದು. ಬೆಕ್ಕು ಸಿಕ್ಕಿದ ಮೇಲೆ, ಮುಂದಿನ ಸಲ ಮಂಚದ ಕಾಲಿನ ಹತ್ತಿರ ಇರುವೆ ಸಾಲು ಕಾಣುತ್ತದೆ.

ಎಳೆ ಮಕ್ಕಳ ವಿಷಯಕ್ಕೆ ಬಂದರೆ, ಆಗಷ್ಟೇ ಹುಟ್ಟಿದ ಮಗುವಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ, ಹೆಚ್ಚುಕಡಿಮೆ ಎತ್ತಿಕೊಂಡವರ ಮುಖದವರೆಗೆ. ಅವರಿಗೆ ದಪ್ಪ ಗೆರೆಯ ಕಪ್ಪು-ಬಿಳುಪು ಚಿತ್ರ ಸಾಕು. ಆಮೇಲೆ ರಟ್ಟಿನ ಬೋರ್ಡ್ ಬುಕ್. ಬಾಯಿಗೆ ಹಾಕುತ್ತಾರೆ, ಹಾಕಲಿ. ಹರಿದುಹೋಗುತ್ತೆ ಅಂತ ಪುಸ್ತಕವನ್ನು ಬೀರುವಿನ ಮೇಲಿಡುವವರಿಗೆ ನನ್ನದೊಂದು ಕೋರಿಕೆ: ಕೆಳಗೆ, ಮಗುವಿನ ಕೈಗೆ ಸಿಗುವಲ್ಲಿ, ಮುಖಪುಟ ಕಾಣುವ ಹಾಗೆ ಇಡಿ. ಹರಿದರೆ ಟೇಪ್ ಹಚ್ಚೋಣ.

ಎಳೆದರೆ ತೆರೆದುಕೊಳ್ಳುವ, ಒತ್ತಿದರೆ ಶಬ್ದ ಮಾಡುವ ಪುಸ್ತಕಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಆಟಿಕೆಯಾಗಿ ಚೆನ್ನ. ಆದರೆ ಮಗುವಿನ ಗಮನವೆಲ್ಲ ಎಳೆಯುವುದರಲ್ಲೇ ಹೋಗಿ, ಚಿತ್ರ ಹಾಗೇ ಉಳಿಯುತ್ತದೆ.

ಇನ್ನು ನೀತಿ. "ಈ ಕಥೆಯಿಂದ ಏನು ಕಲಿತೆ?" ಎಂದು ಕೊನೆಗೆ ಕೇಳುವುದನ್ನು ದಯವಿಟ್ಟು ಬಿಡಿ. ಓದುವಾಗ ನಡುನಡುವೆ "ಇದೇನು ಬಣ್ಣ? ಎಷ್ಟು ಹಕ್ಕಿ ಇದೆ? ಎಣಿಸು" ಎನ್ನುವುದನ್ನೂ. ಮಗು ನಿಮ್ಮ ತೊಡೆಯ ಮೇಲೆ ಕೂತಿರುವುದು ಪರೀಕ್ಷೆ ಬರೆಯಲು ಅಲ್ಲ. ಹಾಗಂತ ಬಾಯಿ ಮುಚ್ಚಿಕೊಂಡು ಕೇಳು ಅಂತಲೂ ಅಲ್ಲ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ಪೋಷಕರಿಗೆ ಹೇಳಿಕೊಟ್ಟದ್ದು ಸರಳವಾಗಿತ್ತು: ಹೌದು-ಇಲ್ಲ ಎಂದು ಮುಗಿದುಹೋಗದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ವಾಪಸ್ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ಮಗು "ಬೆಕ್ಕು" ಅಂದರೆ ನೀವು "ಹೌದು, ಕಳ್ಳ ಬೆಕ್ಕು, ಕನ್ನಡಕ ಬಚ್ಚಿಟ್ಟಿದೆ, ಈಗ ಏನು ಮಾಡುತ್ತೋ" ಅನ್ನಿ. ಅಷ್ಟೇ. ಆಮೇಲೆ ಸುಮ್ನೆ ಕಾಯಿರಿ. ಈ ಕಾಯುವುದು ದೊಡ್ಡವರಿಗೆ ಬಹಳ ಕಷ್ಟ, ನಮಗೆ ಪುಟ ಮುಗಿಸುವ ಆತುರ.

ಮಾತೇ ಇಲ್ಲದ ಚಿತ್ರಪುಸ್ತಕಗಳೂ ಇವೆ. ಬರೀ ಚಿತ್ರ, ಒಂದು ಸಾಲೂ ಇಲ್ಲ. "ಇದರಲ್ಲಿ ಓದೋದೇನು?" ಅಂತ ಜನ ಇವನ್ನು ಮುಟ್ಟುವುದಿಲ್ಲ. ಆದರೆ ಓದು ಬಾರದ ಅಜ್ಜಿ, ಆ ಪುಸ್ತಕದ ಭಾಷೆ ಗೊತ್ತಿಲ್ಲದ ಅಪ್ಪ, ಇನ್ನೂ ಅಕ್ಷರ ಕಲಿಯದ ಅಕ್ಕ, ಯಾರು ಬೇಕಾದರೂ ಮಗುವನ್ನು ಕೂರಿಸಿಕೊಂಡು ಇದನ್ನು ಓದಬಹುದು, ಯಾರೂ ಯಾರನ್ನೂ ತಿದ್ದುವ ಹಾಗಿಲ್ಲ. ನಿಮ್ಮ ಹತ್ತಿರ ಅಂಥದ್ದು ಇದ್ದು, ಮನೆಯ ಮಗು ಅದನ್ನು ದಾಟಿ ದೊಡ್ಡದಾಗಿದ್ದರೆ, ದಯವಿಟ್ಟು ಪಕ್ಕದ ಮನೆಗೆ ಕೊಡಿ.