ಜಾಮೀನು ಸಹಿಯೂ ಉಪ್ಪು ಕಡಿಮೆಯಾದ ಗಂಜಿಯೂ

ನನ್ನ ಕಪಾಟಿನಲ್ಲಿ ಒಂದು ಹಳೆಯ ಜೇಬು ಡೈರಿ ಇದೆ. ಅದರ ಕೊನೆಯ ಪುಟದಲ್ಲಿ 3,200 ಎಂಬ ಅಂಕಿಯನ್ನು ಒಂದರ ಕೆಳಗೊಂದು 22 ಸಲ ಬರೆದಿದ್ದೇನೆ. ಒಟ್ಟು 70,400 ರೂಪಾಯಿ. ನಮ್ಮದೇ ಚರ್ಚಿನ ಸಭೆಯ ಗೆಳೆಯನೊಬ್ಬ ಸಹಕಾರಿ ಸಂಘದಲ್ಲಿ ಸಾಲ ಎತ್ತುವಾಗ ನಾನು ಜಾಮೀನು ಹಾಕಿದ್ದೆ. ಅವನು ಕಂತು ಕಟ್ಟುವುದನ್ನು ನಿಲ್ಲಿಸಿದ, ನೋಟಿಸು ನನ್ನ ಮನೆಗೆ ಬಂತು, ಸಂಬಳದಿಂದ ಕಡಿತ ಶುರುವಾಯಿತು. ಸಂಘದ್ದೇನೂ ತಪ್ಪಿಲ್ಲ, ಸಹಿ ನನ್ನದೇ.

ಗೆಳೆಯ ಮಾತ್ರ ಪ್ರತಿ ಭಾನುವಾರ ಆರಾಧನೆಗೆ ಬಂದು ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಹಾಡುವಾಗ ಎಲ್ಲರಿಗಿಂತ ದೊಡ್ಡ ಗಂಟಲು ಅವನದೇ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಮಾತು ಬಂದಾಗ ನಾನು ಅವನ ಕತ್ತಿನ ಹಿಂಭಾಗ ನೋಡುತ್ತಾ ಬರಿದೇ ತುಟಿ ಆಡಿಸುತ್ತಿದ್ದೆ. ನಾವು ‘ತಪ್ಪು’ ಎನ್ನುವ ಜಾಗದಲ್ಲಿ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದಕ್ಕೆ ‘ಸಾಲ’ ಎಂದು ಅರ್ಥವಂತೆ. ನಮ್ಮ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಇದನ್ನು ಹೇಳಿದ ದಿನದಿಂದ ತುಟಿ ಆಡಿಸುವುದೂ ಕಷ್ಟವಾಯಿತು.

ನಾನು ಲೆಕ್ಕ ಬರೆದೇ ಹೊಟ್ಟೆ ಹೊರೆದವನು. ಹಾಗಾಗಿ ಮತ್ತಾಯನ 18ನೆಯ ಅಧ್ಯಾಯದ ಸಾಲಗಾರರ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದಿದಾಗ ಕೈ ತಾನಾಗಿ ಕ್ಯಾಲ್ಕುಲೇಟರ್ ಹುಡುಕಿತು. ಅರಸನಿಗೆ ಆ ಆಳು ಕೊಡಬೇಕಾದದ್ದು 10,000 ತಲಾಂತು. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಅಂದರೆ 6 ಕೋಟಿ ದಿನಗಳ ದುಡಿಮೆ. ವರ್ಷಕ್ಕೆ 300 ದಿನ ಬೆವರು ಸುರಿಸಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಅರಸ ಅಷ್ಟನ್ನೂ ಮನ್ನಾ ಮಾಡಿದ. ಅದೇ ಆಳು ಹೊರಗೆ ಬಂದು, ತನಗೆ 100 ಬೆಳ್ಳಿ ನಾಣ್ಯ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಸುಕಿದ. 100 ನಾಣ್ಯವೆಂದರೆ 100 ದಿನಗಳ ಕೂಲಿ. ನಮ್ಮ ಕಡೆ ತೋಟದ ಕೆಲಸಕ್ಕೆ ದಿನಕ್ಕೆ 700 ಎಂದು ಹಿಡಿದು ನನ್ನ 70,400ನ್ನು ಭಾಗಿಸಿದೆ. ನೂರು ದಿನ, ಚೂರು ಹೆಚ್ಚು. ಕ್ಯಾಲ್ಕುಲೇಟರ್ ಮುಚ್ಚಿಟ್ಟೆ.

ಪ್ರೀತಿಯ ಬಗ್ಗೆ ಅಪೊಸ್ತಲ ಪೌಲನು ಕೊರಿಂಥ ಊರಿನ ಸಭೆಗೆ ಬರೆದ ಪತ್ರದ ಅಧ್ಯಾಯವನ್ನು ನಮ್ಮಲ್ಲಿ ಮದುವೆಗಳಲ್ಲಿ ಓದುತ್ತಾರೆ. ಗಂಡು ಹೆಣ್ಣು ನಾಚುತ್ತಾರೆ, ಫೋಟೋದವನು ಆಚೆ ಈಚೆ ಓಡಾಡುತ್ತಾನೆ. ಆದರೆ ಪೌಲ ಅದನ್ನು ಬರೆದದ್ದು ಮದುವೆಮನೆಗಲ್ಲ, ಕಚ್ಚಾಡುತ್ತಿದ್ದ ಸಭೆಗೆ. ಅಪಕಾರವನ್ನು ಪ್ರೀತಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎನ್ನುವಲ್ಲಿ ಅವನು ಬಳಸಿದ ಗ್ರೀಕ್ ಕ್ರಿಯಾಪದ ಲೆಕ್ಕಪತ್ರದವರದು: ಖಾತೆಗೆ ಬರೆದುಕೊಳ್ಳುವುದು. ಶರತ್ತಿಲ್ಲದ ಪ್ರೀತಿ ಎಂದರೆ ಎದೆ ಉಕ್ಕಿ ಬರುವ ಭಾವವೆಂದು ನಾನು ಬಹುಕಾಲ ನಂಬಿದ್ದೆ. ಉಕ್ಕದಿದ್ದಾಗ ನನ್ನಲ್ಲಿ ಭಕ್ತಿ ಸಾಲದು ಎಂದುಕೊಂಡೆ. ಈಗ ಅನ್ನಿಸುತ್ತದೆ, ಅದು ಬರೆಯುವುದನ್ನು ನಿಲ್ಲಿಸುವ ಕೆಲಸ. ‘ಅವನು ಬಂದು ಕ್ಷಮೆ ಕೇಳಲಿ, ಆಮೇಲೆ ನೋಡೋಣ’ ಎನ್ನುವುದೂ ಶರತ್ತೇ. ಬಡವರಿಗೆ ಅಕ್ಕಿ ಕೊಟ್ಟು, ಮುಂದಿನ ಭಾನುವಾರ ಅವರು ಆರಾಧನೆಗೆ ಬಂದರೋ ಎಂದು ಕಣ್ಣು ಹಾಯಿಸುವುದೂ ಶರತ್ತೇ. ನಮ್ಮವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆ ಯಾರ ತೋಟವೆಂದು ಕೇಳಿ ಸುರಿಯುತ್ತದೆಯೇ?

ಹಾಗಾದರೆ ಅನ್ಯಾಯ ಮಾಡಿದವನನ್ನು ಬಿಟ್ಟುಬಿಡುವುದೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ನೆನಪಾಗುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಅವರ ಗಂಡ ಗ್ರಹಾಂ ಅವರನ್ನೂ 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನೂ ಗುಂಪೊಂದು ಸುಟ್ಟು ಕೊಂದಿತು. ಆಕೆ ಕ್ಷಮಿಸಿದ್ದೇನೆ ಎಂದರು. ಬಾರಿಪದದಲ್ಲಿ ಗಂಡ ನೋಡಿಕೊಳ್ಳುತ್ತಿದ್ದ ಕುಷ್ಠರೋಗಿಗಳನ್ನು ಬಿಟ್ಟು ಹೋಗದೆ 2004ರವರೆಗೂ ಅಲ್ಲೇ ದುಡಿದರು. ಮರುವರ್ಷ ಪದ್ಮಶ್ರೀ ಬಂತು. ಅತ್ತ ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ಆಕೆಯದು, ಶಿಕ್ಷೆ ಕಾನೂನಿನದು. ಇವೆರಡನ್ನು ಕಲಸಿ, ಹೊಡೆಯುವ ಗಂಡನನ್ನು ಸಹಿಸಿಕೋ, ಪ್ರೀತಿಯೇ ದೊಡ್ಡದು ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನನ್ನೇ ಕೇಳಿ: ಗೆಳೆಯನಿಗೆ ಮತ್ತೆ ಜಾಮೀನು ಹಾಕುತ್ತೇನೆಯೇ? ಖಂಡಿತ ಇಲ್ಲ.

ಕಳೆದ ತಿಂಗಳು ಅವನಿಗೆ ಶಸ್ತ್ರಚಿಕಿತ್ಸೆಯಾಯಿತು. ನನ್ನ ಹೆಂಡತಿ ಏನೂ ಹೇಳದೆ ಕ್ಯಾರಿಯರ್‌ನಲ್ಲಿ ಕುಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ತುಂಬಿಸಿ ನನ್ನ ಕೈಗಿಟ್ಟಳು. ದಾರಿಯುದ್ದಕ್ಕೂ, ಅವನು ಕಣ್ಣೀರು ಹಾಕಿ ನನ್ನ ಕೈ ಹಿಡಿದುಕೊಳ್ಳುವ ದೃಶ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಹೋದೆ. ಅವನು ಎರಡು ಚಮಚ ಉಂಡು, “ಉಪ್ಪು ಕಡಿಮೆಯಾಯಿತಲ್ಲ ಮಾರಾಯ” ಎಂದ.

ಮನೆಗೆ ಬಂದು ಕ್ಯಾರಿಯರ್ ಕುಕ್ಕಿ ಕೂಗಾಡಿದೆ. ಅವಳು ಡಬ್ಬಿ ತೊಳೆಯುತ್ತಲೇ ಹೇಳಿದಳು: “ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದಾರಂತೆ. ಅವನ ಹೆಂಡತಿಗೆ ಫೋನ್ ಮಾಡಿ ಕೇಳಿಯೇ ಮಾಡಿದ್ದು.”

ಅವನ ಬಾಕಿ ಎಷ್ಟೆಂದು ನನಗೆ ಪೈಸೆ ಲೆಕ್ಕದಲ್ಲಿ ಗೊತ್ತಿತ್ತು. ಅವನಿಗೆ ಏನು ಪಥ್ಯವೆಂದು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಮರುದಿನ ಮೇಲಿನ ಡಬ್ಬಿಯಲ್ಲಿ ಅರ್ಧ ಲಿಂಬೆಹಣ್ಣು ಇತ್ತು. ನಾನೇ ಗಂಜಿಗೆ ಹಿಂಡಿಕೊಟ್ಟೆ. ಇನ್ನೂ ಸ್ವಲ್ಪ ಹುಳಿ ಬೇಕಿತ್ತು ಎಂದ.