ಆಟೋಮ್ಯಾಟಿಕ್ ಲಾರಿ ಸರಿ, ಯಾವ ಆಟೋಮ್ಯಾಟಿಕ್?

ನಮ್ಮ ಕಡೆ ಲಾರಿ ಅಂದರೆ ಕೈಯಲ್ಲಿ ಗೇರ್ ಹಾಕಿ ಓಡಿಸುವುದು, ಮುಗೀತು. ನಾನಿರುವ ಅಮೆರಿಕದಲ್ಲಿ ದೂರದ ಓಟಕ್ಕೆ ಬರುವ ಹೊಸ ಲಾರಿಗಳು ಬಹುಪಾಲು ಆಟೋಮ್ಯಾಟಿಕ್. ಯಾವುದು ಮೇಲು ಅನ್ನುವ ಜಗಳ ಎರಡೂ ಕಡೆ ಇದೆ. ಆದರೆ ಆಟೋಮ್ಯಾಟಿಕ್ ಅಂದರೆ ಒಂದೇ ಅಂದುಕೊಂಡೇ ಎಲ್ಲರೂ ವಾದ ಮಾಡುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು.

ಹೆದ್ದಾರಿ ಲಾರಿಗಳಲ್ಲಿರುವುದು ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್. ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಪ್ಲೇಟೂ ಉಂಟು. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಕಂಪ್ಯೂಟರಿನದು. ಕಸದ ಲಾರಿ, ಅಗ್ನಿಶಾಮಕ ಗಾಡಿಗಳಲ್ಲಿ ಕಾಣುವ ಆಲಿಸನ್ ಕಂಪನಿಯ ಗೇರ್‌ಬಾಕ್ಸ್ ಬೇರೆಯೇ ಜಾತಿ. ಅದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ಚಿನ ಜಾಗಕ್ಕೆ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ ಬಲ ಎಣ್ಣೆಯ ಮೂಲಕ ದಾಟುತ್ತದೆ.

ಲೋಡ್ ಲಾರಿಯನ್ನು ಹಿಂದಕ್ಕೆ ತಂದು ಗೋಡೌನ್ ಬಾಗಿಲಿಗೆ ಹಚ್ಚುವಾಗ ನೋಡಿ. ಇಂಚಿಂಚೇ ಸರಿಯಬೇಕು. ಎಎಂಟಿ ಕ್ಲಚ್ಚನ್ನು ಹಿಡಿದು ಬಿಟ್ಟು ಮಾಡುತ್ತದೆ. ಲಾರಿ ಜಗ್ಗುತ್ತದೆ, ಪ್ಲೇಟ್ ಕಾಯುತ್ತದೆ. ಟಾರ್ಕ್ ಕನ್ವರ್ಟರ್ ಇದ್ದರೆ ಬ್ರೇಕ್ ಸ್ವಲ್ಪ ಸಡಿಲಿಸಿದರೆ ಸಾಕು, ಮೆತ್ತಗೆ ಸರಿಯುತ್ತದೆ. ಮ್ಯಾನ್ಯುವಲ್‌ನಲ್ಲಿ ಇದು ಎಡಗಾಲಿನ ಕೆಲಸ, ಪಳಗಿದ ಕಾಲಾದರೆ ಎಎಂಟಿಗಿಂತ ನಾಜೂಕು. ಹಾಗಾಗಿ ದಿನವಿಡೀ ನಿಂತು ಹೊರಡುವ ಲಾರಿಗೆ ನನ್ನ ಮತ ಟಾರ್ಕ್ ಕನ್ವರ್ಟರಿಗೆ.

ದೂರದ ಓಟಕ್ಕೆ ಎಎಂಟಿಯೇ. ಅದಕ್ಕೆ ಸುಸ್ತಾಗುವುದಿಲ್ಲ. ಒಳ್ಳೆಯ ಡ್ರೈವರ್ ಮ್ಯಾನ್ಯುವಲ್‌ನಲ್ಲೂ ಅಷ್ಟೇ ಮೈಲೇಜ್ ತೆಗೆಯಬಹುದು. ಆದರೆ ನೂರು ಲಾರಿ ಇಟ್ಟವನಿಗೆ ನೂರೂ ಜನ ಅಂಥವರೇ ಸಿಗಬೇಕಲ್ವಾ?

ಇಳಿಜಾರಿನ ಮಾತು ಬೇರೆ. ಮುಂದೆ ಘಾಟಿ ಇದೆ ಅಂತ ಹಳೆಯ ಎಎಂಟಿಗೆ ಗೊತ್ತಾಗುವುದಿಲ್ಲ. ಆಮೇಲೆ ಬಂದ ವೋಲ್ವೋ ಐ-ಸೀ ಥರದ ವ್ಯವಸ್ಥೆಗಳು ರಸ್ತೆಯ ಏರಿಳಿತ ನೆನಪಿಟ್ಟು ಗೇರ್ ಆರಿಸುತ್ತವೆ. ಅದಿಲ್ಲದಿದ್ದರೆ ಇಳಿಯುವ ಮೊದಲೇ ಮ್ಯಾನ್ಯುವಲ್ ಮೋಡಿಗೆ ಹಾಕಿ, ಗೇರ್ ಇಳಿಸಿ, ಎಂಜಿನ್ ಬ್ರೇಕ್ ಹಚ್ಚಬೇಕು. ಇಲ್ಲಿಯ ಮ್ಯಾನ್ಯುವಲ್ ಇನ್ನೂ ಕಷ್ಟ. ಗೇರ್ ಹಾಕುವಾಗ ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ನಮ್ಮ ಕಡೆ ಸಾಮಾನ್ಯ, ಇಲ್ಲಿಯ ಈಟನ್ ಫುಲ್ಲರ್ ಬ್ರಾಂಡಿನ 10 ಗೇರಿನ ಪೆಟ್ಟಿಗೆಯಲ್ಲಿ ಅದಿಲ್ಲ. ಡಬಲ್ ಕ್ಲಚ್ ಮಾಡಿ, ಅಂದರೆ ಒಂದು ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಿ, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಹೊಂದಿಸಬೇಕು. ಇಳಿಜಾರಿನ ನಡುವೆ ಗೇರ್ ತಪ್ಪಿದರೆ ಲಾರಿ ನ್ಯೂಟ್ರಲ್‌ನಲ್ಲಿ ಓಡುತ್ತದೆ, ಮತ್ತೆ ಸೇರಿಸುವುದು ಸುಲಭವಲ್ಲ. ಮ್ಯಾನ್ಯುವಲ್ ಇದ್ದರೆ ಹಿಡಿತ ನಮ್ಮ ಕೈಲಿ ಅನ್ನುವವರು ಇದನ್ನು ಸುಮ್ನೆ ಹಾರಿಸಿಬಿಡುತ್ತಾರೆ.

ಹೊಸದಾಗಿ ಕಲಿಯುವವರಿಗೆ ಮಾತ್ರ ನಾನು ಮ್ಯಾನ್ಯುವಲ್ ಅನ್ನುತ್ತೇನೆ. ಅಮೆರಿಕದಲ್ಲಿ ಆಟೋಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸಿಗೆ ‘ಇ’ ನಿರ್ಬಂಧ ಬೀಳುತ್ತದೆ, ಎಎಂಟಿಯಾದರೂ ಅಷ್ಟೇ. ಆಮೇಲೆ ಮ್ಯಾನ್ಯುವಲ್ ಲಾರಿ ಓಡಿಸುವ ಕೆಲಸ ಸಿಕ್ಕಿದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು.