ಕನ್ನಂಬಾಡಿ ಮಟ್ಟದ ಕೆಳಗೆ ಇನ್ನೊಂದು ಸಾಲು ಬರಲಿ

ಮಂಡ್ಯದ ಕಡೆ ಬೆಳಗ್ಗೆ ಪೇಪರ್ ಬಿಚ್ಚಿದರೆ ಎಷ್ಟೋ ಜನ ಮೊದಲು ನೋಡೋದು ಒಂದು ಸಣ್ಣ ಚೌಕಟ್ಟನ್ನು. ಕೆಆರ್‌ಎಸ್, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಟೀ ಅಂಗಡಿಯಲ್ಲಿ ಒಬ್ಬರು ಜೋರಾಗಿ ಓದಿದರೆ ಸಾಕು, ಉಳಿದವರು ನಾಲೆಗೆ ನೀರು ಯಾವಾಗ, ನಾಟಿ ಯಾವಾಗ ಅಂತ ಲೆಕ್ಕ ಹಾಕ್ತಾರೆ. ಕ್ಯೂಸೆಕ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ, ಜನರಿಗೆ ಅಂಕಿ ಅಂಶ ಬೇಡ, ವಿಜ್ಞಾನ ಬೇಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ.

ಕೆಲವು ವರ್ಷಗಳ ಹಿಂದೆ ಗೆಳೆಯರೆಲ್ಲ ಸೇರಿ ಪಾಂಡವಪುರ ಕಡೆಯ ನಮ್ಮೂರಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸಿದೆವು. ಸಂಜೆ ಡೈರಿಗೆ ಹಾಲು ಹಾಕಿದವರು ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಅಲ್ಲೇ ಕೂತರು. ಡೈರಿಯ ಸುಣ್ಣದ ಗೋಡೆಯೇ ಪರದೆ. ಮಂಜುಗಡ್ಡೆಯ ಬೆಟ್ಟ ಕುಸಿದು ಸಮುದ್ರಕ್ಕೆ ಬೀಳ್ತಾ ಇತ್ತು. ಹಿಂದಿನ ದನಿ ಮತ್ತೆ ಮತ್ತೆ ಹವಾಮಾನ ಬದಲಾವಣೆ ಅಂತಿತ್ತು. ಮುಗಿದ ಮೇಲೆ ನಮ್ಮ ದೊಡ್ಡಪ್ಪ ಕೇಳಿದರು: "ಹವಾಮಾನ ದಿನಾ ಬದಲಾಗ್ತದೆ ಕಣ್ ಮಗಾ. ಅದ್ಕೆ ಪಿಚ್ಚರ್ ಯಾಕ್ ತೆಗೆದ್ರು?"

ಅವರು ತಮಾಷೆ ಮಾಡಲಿಲ್ಲ. ನಿಜವಾಗಿಯೂ ಕೇಳಿದರು. ತಪ್ಪು ಇರೋದು ನಮ್ಮ ಪದದಲ್ಲಿ. ನಾಳೆ ಮಳೆ ಬರುತ್ತಾ ಅಂತ ಹೇಳೋದೂ ಹವಾಮಾನ ವರದಿ, ಹತ್ತಾರು ವರ್ಷಗಳ ವಾಡಿಕೆಯೇ ಸರಿದುಹೋಗೋದೂ ಹವಾಮಾನ ಬದಲಾವಣೆ. ಎರಡನೆಯದಕ್ಕೆ ಶಾಲೆ ಪುಸ್ತಕದಲ್ಲಿ ವಾಯುಗುಣ ಅಂತ ಬೇರೆ ಪದ ಇದೆ. ಪರೀಕ್ಷೆ ಬರೆದು ಹೊರಗೆ ಬಂದ ಮೇಲೆ ಆ ಪದ ನಮ್ಮ ಬಾಯಲ್ಲಿ ಉಳಿಯೋದಿಲ್ಲ.

ದೊಡ್ಡಪ್ಪನ ಹತ್ತಿರ ಇದಕ್ಕೆ ಅವರದೇ ಲೆಕ್ಕ ಇದೆ, ಮಳೆ ನಕ್ಷತ್ರಗಳ ಲೆಕ್ಕ. ಭರಣಿ, ಆರಿದ್ರಾ, ಮಗೆ, ಉತ್ತರೆ, ಚಿತ್ತೆ. ಒಂದೊಂದು ಮಳೆಗೂ 13-14 ದಿನ. "ಮಗೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಅನ್ನೋ ಗಾದೆ ಅವರ ಬಾಯಲ್ಲಿ ಸದಾ ಇರುತ್ತೆ. ಇಂಥ ಗಾದೆ ಹುಟ್ಟಬೇಕಾದರೆ ಆ ಮಳೆ ಎಷ್ಟು ತಲೆಮಾರು ಮಾತು ಉಳಿಸಿಕೊಂಡು ಬಂದಿರಬೇಕು! ವಾಯುಗುಣ ಅಂದರೆ ಇದೇ ಅಲ್ವಾ?

2023ರ ಆಗಸ್ಟ್ ನೆನಪಿಸಿಕೊಳ್ಳಿ. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಅಂದರೆ ಆಗಸ್ಟ್ ಎರಡನೇ ಅರ್ಧದಲ್ಲಿ ಬರೋ ಮಗೆ ಕೈಕೊಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಯ್ತು. ಟಿವಿಯಲ್ಲಿ ದಿನವಿಡೀ ರಸ್ತೆ ತಡೆ, ಘೋಷಣೆ. ಅದನ್ನು ತೋರಿಸಲೇಬೇಕು, ಕಾವೇರಿ ನಮ್ಮ ಅನ್ನ. ಆದರೆ ಮಳೆ ಯಾಕೆ ಬರಲಿಲ್ಲ, ದೂರದ ಪೆಸಿಫಿಕ್ ಸಮುದ್ರ ಬಿಸಿಯಾದರೆ ನಮ್ಮ ಮುಂಗಾರಿಗೆ ಏನಾಗುತ್ತೆ ಅಂತ ಐದು ನಿಮಿಷ ಕೂತು ಹೇಳಿದವರು ಎಷ್ಟು ಜನ? 2025ರಲ್ಲಿ ಜೂನ್ ಮುಗಿಯೋ ಮೊದಲೇ ಕಟ್ಟೆ ತುಂಬಿತು. ಬಾಗಿನದ ನೇರಪ್ರಸಾರ ಬಂತು. ಒಂದು ವರ್ಷ ಗಲಾಟೆ, ಇನ್ನೊಂದು ವರ್ಷ ಹಬ್ಬ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರಿಲ್ಲ.

ಒಂದು ಬರ, ಒಂದು ನೆರೆ ತೋರಿಸಿ ಇದೇ ಹವಾಮಾನ ಬದಲಾವಣೆ ಅಂದುಬಿಡೋದೂ ತಪ್ಪು. ಪೆಸಿಫಿಕ್ ಹೀಗೆ ಬಿಸಿಯಾಗೋ ಎಲ್ ನಿನೋ ಹಳೆಯದು, ಬರ ನಮ್ಮ ತಾತಂದಿರೂ ಕಂಡಿದ್ದಾರೆ. ಕನಿಷ್ಠ 30 ವರ್ಷದ ಲೆಕ್ಕ ಬೇಕು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಿನ ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಂದೇ ಸಲ ಸುರಿಯುತ್ತೆ. ವರದಿಗಾರ ಎರಡೂ ಮಾತು ಹೇಳಬೇಕು. ಹೇಳಿದರೆ ನಮ್ಮ ಜನಕ್ಕೆ ಖಂಡಿತ ಅರ್ಥವಾಗುತ್ತೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೀನಿ. ಆ ಡೈರಿ ಗೋಡೆಯ ಮೇಲೇ ಮುಂದಿನ ವರ್ಷ ಎಂಟು ನಿಮಿಷದ ಇನ್ನೊಂದು ಚಿತ್ರ ಹಾಕಿದೆವು. ನಮ್ಮೂರ ಪಕ್ಕದ ಆಲೆಮನೆಯಲ್ಲಿ ಮೊಬೈಲಲ್ಲೇ ತೆಗೆದದ್ದು. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ ಅದನ್ನೇ ಒಲೆಗೆ ಹಾಕ್ತಾರೆ. ಕಾಲವಲ್ಲದ ಕಾಲದಲ್ಲಿ ಮಳೆ ಬಿದ್ದು ಸಿಪ್ಪೆ ಪೂರಾ ನೆನೆದಿತ್ತು. ಒಲೆ ಬರೀ ಹೊಗೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯದೆ ನಿಂತಿತ್ತು. ಗಾಣದ ಅಣ್ಣ ಒಂದು ಹಿಡಿ ಸಿಪ್ಪೆ ಎತ್ತಿ ಹಿಂಡಿದರು, ನೀರು ತೊಟ್ಟಿಕ್ಕಿತು. ಅಷ್ಟೇ ದೃಶ್ಯ. ಡೈರಿ ಮುಂದೆ ಕೂತವರು ಆಮೇಲೆ ಒಂದು ಗಂಟೆ ಎದ್ದು ಹೋಗಲಿಲ್ಲ. ಯಾವ ವರ್ಷ ಯಾವ ಮಳೆ ತಪ್ಪಿತು, ಯಾವುದು ಹೊತ್ತಲ್ಲದ ಹೊತ್ತಲ್ಲಿ ಬಂತು ಅಂತ ಅವರೇ ಹೇಳ್ತಾ ಹೋದರು.

ಅದಕ್ಕೇ ಪತ್ರಿಕೆಯಲ್ಲಿ ಕೆಲಸ ಮಾಡೋ ನನ್ನ ಗೆಳೆಯರಿಗೆ ಒಂದು ಕೋರಿಕೆ. ಕನ್ನಂಬಾಡಿ ಮಟ್ಟದ ಚೌಕಟ್ಟಿನ ಕೆಳಗೆ ಇನ್ನೊಂದು ಸಾಲು ಹಾಕಿ. ಈಗ ನಡೆಯುತ್ತಿರೋ ಮಳೆ ನಕ್ಷತ್ರ, ನಮ್ಮ ತಾಲ್ಲೂಕಲ್ಲಿ ಇದುವರೆಗೆ ಬಿದ್ದದ್ದು ಎಷ್ಟು ಮಿಲಿಮೀಟರ್, 30 ವರ್ಷದ ವಾಡಿಕೆ ಎಷ್ಟು. ಮಳೆ ಲೆಕ್ಕ ಇಡೋ ಇಲಾಖೆಗಳಿವೆ, ದಿನದ ಅಂಕಿ ಸಿಗುತ್ತೆ. ಮೈಸೂರಲ್ಲಿ ಪತ್ರಿಕೋದ್ಯಮ ಓದೋ ಮಕ್ಕಳು ವಾರಕ್ಕೊಮ್ಮೆ ಕೂತರೂ ಈ ಸಾಲು ತಯಾರಾಗುತ್ತೆ.

ದೊಡ್ಡಪ್ಪ ಈಗ ಗೋಡೆ ಕ್ಯಾಲೆಂಡರ್‌ನ ಚೌಕಗಳಲ್ಲಿ ಮಳೆ ಬಂದ ದಿನಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಾರೆ. ಹದವಾದ ಮಳೆಗೆ ಒಂದು ಗೆರೆ, ಜೋರು ಮಳೆಗೆ ಎರಡು. ಮೊನ್ನೆ ಊರಿಗೆ ಹೋದಾಗ ಹಳೇ ವರ್ಷದ ಹಾಳೆಗಳನ್ನೂ ಮಡಚಿ ನನ್ನ ಕೈಗಿಟ್ಟರು. "ಪೇಪರ್‌ನೋರ್ಗೆ ಬೇಕಾಯ್ತದೆ, ತಕ್ಕೊಂಡೋಗು" ಅಂದರು.